ನಲ್ಲಿಯಿಟ್ಟ ಹಂಡೆ

ಮೂರನೆಯ ಮಾಂಜಿ ಮೀನಿನ ಹೊಟ್ಟೆ ಸೀಳಿ ಒಳಗೆ ಬೆರಳು ಹಾಕಿದ್ದಾಗ ಬಾಗಿಲಿನ ಬೆಲ್ ಹೊಡೆಯಿತು. ವೈಲೆಟ್ ತಿರುಗಿ ನೋಡಲಿಲ್ಲ. ವಾರದ ರಜೆಯಾದ ಶುಕ್ರವಾರ ಇಗರ್ಜಿಯಿಂದ ಬಂದ ಮೇಲೆ ಮೀನು ಶುಚಿ ಮಾಡುವ ಹೊತ್ತು ಅವಳದೇ ಹೊತ್ತು. ಆಗ ಅವಳನ್ನು ಯಾರೂ ಮಾತನಾಡಿಸುವುದಿಲ್ಲ. ಮೀನಿನ ಕೈಯವಳ ಕಣ್ಣಿಗೆ ಬಿದ್ದರೆ ಏನಾದರೂ ಕೆಲಸ ಹೇಳಿಯಾಳು ಎಂಬ ಹೆದರಿಕೆ ಕುವೈತಿನ ಖೈತಾನಿನ ಆ ಫ್ಲ್ಯಾಟಿನ ಉಳಿದಿಬ್ಬರಿಗೂ ಇತ್ತು.

"ಮೆಲಿಶಾ, ಬಾಗಿಲು!"

"ಐ ಆಮ್ ಸ್ಟಡೀಯಿಂಗ್, ಮಮ್ಮಿ!"

ಬೆಲ್ ನಿಂತಿತು. ಈಗ ಯಾರೋ ಬಾಗಿಲಿಗೆ ಕಾಲಿನಿಂದ ಒದೆಯತೊಡಗಿದರು. ವೈಲೆಟ್ ಎರಡೂ ಕೈಯನ್ನು ಮೇಲೆತ್ತಿಕೊಂಡು, ಮೊಣಕೈಯಿಂದ ಚಿಲಕ ತೆರೆದಳು. ಹೊರಗೆ ಒಂದು ಹಂಡೆ ನಿಂತಿತ್ತು. ಸ್ಟೀಲಿನದು, ಅವಳ ತೊಡೆ ಮುಟ್ಟುವಷ್ಟು ಎತ್ತರದ್ದು, ಹೊಟ್ಟೆಯ ಕೆಳಗೆ ಒಂದು ನಲ್ಲಿ. ಹಂಡೆಯ ಕೆಳಗೆ ಎರಡು ಕಾಲು.

"ಸ್ವಲ್ಪ ಜರುಗು ಮಾರಾಯ್ತಿ, ಕೈ ಜಾರ್ತದೆ," ಎಂದಿತು ಹಂಡೆ.

ಅದರ ಹಿಂದೆ ಗಂಡ ಹರ್ಬರ್ಟ್ ಇದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ನಡೆದದ್ದು ಇಷ್ಟು: ಲಿಫ್ಟಿನಲ್ಲಿ ಹಂಡೆ ಇಟ್ಟರೆ ಹರ್ಬರ್ಟ್ ಹಿಡಿಯುವುದಿಲ್ಲ, ಹರ್ಬರ್ಟ್ ನಿಂತರೆ ಹಂಡೆ ಹಿಡಿಯುವುದಿಲ್ಲ. ಹಾಗಾಗಿ ಹಂಡೆಯನ್ನು ಲಿಫ್ಟಿನಲ್ಲಿ ಕಳಿಸಿ ಇವನು ಮೆಟ್ಟಿಲು ಹತ್ತಿದ್ದ. ಶುಕ್ರವಾರ ಪ್ರತಿ ಮಹಡಿಯವರೂ ಲಿಫ್ಟಿಗೆ ಕಾಯುವ ಹೊತ್ತು. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆದು, ಒಳಗೆ ಒಂಟಿ ಹಂಡೆಯ ದರ್ಶನವಾಗಿ, ಮತ್ತೆ ಬಾಗಿಲು ಮುಚ್ಚಿತ್ತು. ಗುಟ್ಟಿನ ವಸ್ತುವೊಂದನ್ನು ಇದಕ್ಕಿಂತ ಚೆನ್ನಾಗಿ ಮೆರವಣಿಗೆ ಮಾಡಿಸಲು ಬ್ಯಾಂಡಿನವರಿಂದಲೂ ಆಗುತ್ತಿರಲಿಲ್ಲ.

ಗುಟ್ಟು ಏನೆಂದರೆ, ಆ ಹಂಡೆಯಲ್ಲಿ ಹರ್ಬರ್ಟ್ ಬಿಯರ್ ಕಾಯಿಸುವವನಿದ್ದ. ಒಂದು ತೊಟ್ಟು ಮದ್ಯಕ್ಕೂ ಜಾಗವಿಲ್ಲದ ದೇಶದಲ್ಲಿ, ನಲವತ್ತು ಲೀಟರಿನ ಹಂಡೆಯಲ್ಲಿ.

ಇದೆಲ್ಲ ಶುರುವಾದದ್ದು ವೈಲೆಟಳ ಅಣ್ಣ ರೋಕ್‌ನಿಂದ. ಮೆಲ್ಬರ್ನಿನಲ್ಲಿರುವ ರೋಕ್ ತನ್ನ ಗ್ಯಾರೇಜಿನಲ್ಲಿ ಬಿಯರ್ ಮಾಡಲು ಕಲಿತು, ವಿಡಿಯೋ ಕಾಲಿನಲ್ಲಿ ತನ್ನ ಪಾತ್ರೆಗಳನ್ನು ಹೆತ್ತ ಮಕ್ಕಳ ಹಾಗೆ ಎತ್ತೆತ್ತಿ ತೋರಿಸಿದ್ದ. ಕೊನೆಗೆ ನೊರೆಯ ಗ್ಲಾಸ್ ಎತ್ತಿ, "ಚಿಯರ್ಸ್ ಭಾವಾ! ನೀನು ಅಲ್ಲಿ ಲಬಾನ್ ಕುಡಿ" ಎಂದ. ಲಬಾನ್ ಎಂದರೆ ಕುವೈತಿನ ಮಜ್ಜಿಗೆ, ದೇಹಕ್ಕೆ ಒಳ್ಳೆಯದೇ. ಆದರೆ ಭಾವಮೈದುನ ಹೇಳಿದ ಮಜ್ಜಿಗೆ ಯಾವ ಗಂಡಸಿನ ಗಂಟಲಲ್ಲೂ ಇಳಿಯುವುದಿಲ್ಲ.

"ನಾನೂ ಮಾಡ್ತಿದ್ದೇನೆ," ಎಂದುಬಿಟ್ಟ ಹರ್ಬರ್ಟ್.

"ಹೌದಾ? ಎಂತ, ಸಕ್ಕರೆ, ದ್ರಾಕ್ಷಿ ಜ್ಯೂಸು, ಬ್ರೆಡ್ಡಿನ ಯೀಸ್ಟಾ? ಬ್ಯಾಚುಲರ್ ರೂಮಿನ ಸರಕು?"

"ಸಕ್ಕರೆ ಹಾಕುವವ ಕುಡುಕ. ನನ್ನದು ಆಲ್ ಗ್ರೈನ್. ಪೂರಾ ಧಾನ್ಯದ್ದು." ಆ ಶಬ್ದವನ್ನು ಅವನು ರೋಕ್‌ನ ಬಾಯಿಂದಲೇ ಹತ್ತು ನಿಮಿಷ ಮೊದಲು ಕಲಿತಿದ್ದ.

ಹರ್ಬರ್ಟ್ ಅಹ್ಮದಿಯ ಒಂದು ಕಾಂಟ್ರಾಕ್ಟ್ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಪೈಪು, ವಾಲ್ವು, ಬೋಲ್ಟುಗಳ ನಡುವೆ ಇಪ್ಪತ್ತು ವರ್ಷ ಕಳೆದವನಿಗೆ ಬಿಯರ್ ಎಂದರೆ ಮೊದಲು ಕಂಡದ್ದು ಅದರ ಪಾತ್ರೆ. ಮೂರು ತಿಂಗಳು ಊಟಕ್ಕೆ ಕೂತಾಗೆಲ್ಲ ಹಂಡೆಯದೇ ಪ್ರವಚನ. ಒಂಟಿ ತಳವಾದರೆ ಅಡಿ ಹಿಡಿಯುತ್ತದೆ, ಸ್ಟೀಲಿನ ನಡುವೆ ಅಲ್ಯೂಮಿನಿಯಂ ಇಟ್ಟ ಮೂರು ಪದರದ ತಳ ಬೇಕು. ಇಪ್ಪತ್ತು ಲೀಟರ್ ಬಿಯರಿಗೆ ನಲವತ್ತರ ಹಂಡೆ ಬೇಕು, ಇಲ್ಲವಾದರೆ ಉಕ್ಕುತ್ತದೆ. ನಲ್ಲಿ ತಳಕ್ಕಿಂತ ಎರಡು ಬೆರಳು ಮೇಲಿರಬೇಕು.

"ಒಂದು ಲೀಟರ್ ಹಾಲು ಉಕ್ಕುವಾಗ ನೀನು ಪಕ್ಕದಲ್ಲೇ ನಿಂತು ನೋಡ್ತೀ," ಎಂದಿದ್ದಳು ವೈಲೆಟ್.

ಅವಳನ್ನು ನೋಡಲು ಬಂದಿದ್ದಾಗ ಇದೇ ಮನುಷ್ಯ ಚಹಾ ಆರುವ ಮೊದಲೇ ಒಪ್ಪಿದ್ದ. ಹಂಡೆಗಾಗಿ ಮಾತ್ರ ಶುವೈಖಿನ ಹೋಟೆಲ್ ಪಾತ್ರೆಯ ಅಂಗಡಿಗಳನ್ನೆಲ್ಲ ಸುತ್ತಿ, ತಳವನ್ನು ಬೆರಳಿನಿಂದ ಬಡಿದು ಶಬ್ದ ಕೇಳಿ, ಕಡೆಗೆ ಗ್ಯಾರೇಜಿನವನಿಂದ ನಲ್ಲಿ ಕೂರಿಸಿಕೊಂಡು ಬಂದಿದ್ದ. ಬಿಯರಿಗೆ ಬೇಕಾದ ಬಾರ್ಲಿಯನ್ನು ಆರಿಸಲು ಅವನಿಗೆ ಹಿಡಿದ ಸಮಯ ಐದು ನಿಮಿಷ. ಮನೆ ಹತ್ತಿರದ ಜಮಯ್ಯಾ ಸೂಪರ್ ಮಾರ್ಕೆಟಿನಲ್ಲಿ ಈರುಳ್ಳಿ ತೆಗೆದುಕೊಳ್ಳುವಾಗ, ಪಕ್ಕದ ಕಪಾಟಿನಲ್ಲಿದ್ದ ಬಿಳಿ ಬಾರ್ಲಿಯ ಪ್ಯಾಕೆಟುಗಳನ್ನೆಲ್ಲ ಅದೇ ಗಾಡಿಗೆ ಸುರಿದುಕೊಂಡಿದ್ದ.

ವೈಲೆಟ್ ಜಗಳ ಮಾಡಿರಲಿಲ್ಲ ಎಂದಲ್ಲ.

"ನಿನ್ನ ಕಾಂಟ್ರಾಕ್ಟ್ ಬರುವ ತಿಂಗಳು ಮುಗೀತದೆ. ಈ ಮನೆ ಕಂಪೆನಿಯದ್ದು. ಮೆಲಿಶಾಳ ಇಕಾಮಾ ನಿನ್ನ ಮೇಲೆ, ಅದು ಹೋದ್ರೆ ಅವಳಿಗೆ ಇಲ್ಲಿರ್ಲಿಕ್ಕಿಲ್ಲ. ಹನ್ನೊಂದನೇ ಕ್ಲಾಸಿಗೆ ಈಗಷ್ಟೇ ಸೇರಿದ್ದಾಳೆ. ಸಿಕ್ಕಿಬಿದ್ರೆ ನಿನಗೆ ಜೈಲು, ಆಮೇಲೆ ಮೂವರಿಗೂ ವಿಮಾನ."

"ಒಂದೇ ಸಲ ಮಾರಾಯ್ತಿ. ಮಾಡುವುದು, ಫೋಟೋ ತೆಗೆದು ನಿನ್ನ ಅಣ್ಣನ ಮುಖಕ್ಕೆ ಹೊಡೆಯುವುದು, ಖಲಾಸ್."

"ಡ್ಯಾಡಿ, ಇಟ್ಸ್ ಇಲ್ಲೀಗಲ್," ಎಂದಿದ್ದಳು ಮೆಲಿಶಾ.

"ನೀನು ಕಾಮರ್ಸ್ ಓದು," ಎಂದಿದ್ದ ಹರ್ಬರ್ಟ್.

ಹೀಗೆ ಹಂಡೆ ಬಾಗಿಲಲ್ಲಿ ನಿಂತಿದ್ದಾಗ ಎದುರು ಫ್ಲ್ಯಾಟಿನ ಬಾಗಿಲು ತೆರೆಯಿತು. ಆಚುಮ್ಮ ಬಂದಳು. ಅವಳ ಗಂಡ ಪುತ್ತಬ್ಬ ಕಟ್ಟಡದ ಕೆಳಗೆ ಬಕಾಲಾ ಎಂಬ ದಿನಸಿ ಅಂಗಡಿ ನಡೆಸುವವರು. ಇಬ್ಬರೂ ಬಂಟ್ವಾಳ ಕಡೆಯವರು. ಖೈತಾನಿನ ಸುದ್ದಿಯೆಲ್ಲ ಮೊದಲು ಆಚುಮ್ಮನ ಬಾಗಿಲಿಗೆ ಬಂದು, ಅಲ್ಲಿಂದ ಬಕಾಲಾಕ್ಕೆ ಇಳಿದು, ಕುಬ್ಬೂಸ್ ರೊಟ್ಟಿಯ ಜೊತೆ ಬಿಸಿಬಿಸಿಯಾಗಿ ಮನೆಮನೆಗೆ ಹೋಗುತ್ತಿತ್ತು.

"ಇದೆಂತ ಬಾಯೀ! ಲಿಫ್ಟಲ್ಲಿ ಒಂದು ಹಂಡೆ ಒಬ್ಬನೇ ಮೇಲೆ ಕೆಳಗೆ ತಿರುಗ್ತಾ ಉಂಟು ಅಂತ ಹೇಳಿದ್ರು, ನಾನು ನಂಬ್ಲಿಲ್ಲ. ಮದುವೆ ಉಂಟಾ? ಬಿರಿಯಾನಿಗಾ?" ಎಂದು ಸುತ್ತ ಬಂದವಳು ನಲ್ಲಿಯ ಹತ್ತಿರ ನಿಂತಳು. "ಬಿರಿಯಾನಿ ನಲ್ಲಿಯಲ್ಲಿ ಬರ್ತದಾ?"

ಹರ್ಬರ್ಟ್ ಬಾಯಿ ತೆರೆದ. ಸುಳ್ಳು ಹೇಳುವಾಗ ಅವನು ನಿಜದಿಂದ ಶುರು ಮಾಡಿ ಮಧ್ಯದಲ್ಲಿ ದಾರಿ ತಪ್ಪುವವನು. ಅದು ಗೊತ್ತಿದ್ದ ವೈಲೆಟ್ ಅವನಿಗಿಂತ ಮೊದಲು ಮಾತನಾಡಿದಳು. ಹಂಡೆಯೊಳಗಿಂದ ಬಾರ್ಲಿಯ ಪ್ಯಾಕೆಟುಗಳು ಇಣುಕುತ್ತಿದ್ದವು.

"ಬಾರ್ಲಿ ನೀರಿಗೆ, ಆಚುಮ್ಮ. ಹರ್ಬರ್ಟ್‌ಗೆ ಕಲ್ಲು."

"ಯಾ ಅಲ್ಲಾಹ್! ಕಿಡ್ನಿಯಲ್ಲಾ?"

ಆಚುಮ್ಮ ಹಂಡೆಯನ್ನು ನೋಡಿದಳು, ಹರ್ಬರ್ಟನನ್ನು ನೋಡಿದಳು, ಮತ್ತೆ ಹಂಡೆಯನ್ನು ನೋಡಿದಳು. ಊರಲ್ಲಿ ಕಲ್ಲಾದವರಿಗೆ ಒಂದು ಚೊಂಬು ಬಾರ್ಲಿ ನೀರು ಸಾಕಾಗುವುದನ್ನು ಅವಳು ಕಂಡಿದ್ದಳು. ಚೊಂಬಿನಿಂದ ಹಂಡೆಗೆ ಲೆಕ್ಕ ಹಾಕಿ ಕಲ್ಲಿನ ಗಾತ್ರ ಊಹಿಸಿದಾಗ ಅವಳ ಕಣ್ಣು ತುಂಬಿ ಬಂತು.

"ನೋವುಂಟಾ ಪೊರ್ಬುಗಳೇ?" ಅವಳ ಊರಲ್ಲಿ ಕ್ರಿಸ್ತಾನ ಗಂಡಸರನ್ನು ಕರೆಯುವುದೇ ಪೊರ್ಬುಗಳೇ ಎಂದು, ಹೆಂಗಸರನ್ನು ಬಾಯೀ ಎಂದು.

ಹರ್ಬರ್ಟ್ ಎಡ ಪಕ್ಕೆ ಹಿಡಿದುಕೊಂಡ. ಅದು ತೀರಾ ಮೇಲಾಯಿತೆಂದು ವೈಲೆಟ್ ಕಣ್ಣು ಮಾಡಿದಳು. ಅವನು ಗಾಬರಿಯಲ್ಲಿ ಬಲ ಪಕ್ಕೆ ಹಿಡಿದ.

"ಎರಡು ಬದಿಯೂ!" ಎಂದು ಆಚುಮ್ಮ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಬಕಾಲಾದ ಫೋನ್ ರಿಂಗಾಗುವುದು ಇಲ್ಲಿಗೇ ಕೇಳಿಸಿತೆಂದು ಹರ್ಬರ್ಟ್ ಆಮೇಲೆ ಆಣೆ ಮಾಡಿ ಹೇಳುತ್ತಿದ್ದ.

ಮಧ್ಯಾಹ್ನದ ಊಟವಾದ ಮೇಲೆ ಅಡುಗೆಮನೆಯಲ್ಲಿ ಮಹಾಯಜ್ಞ ಆರಂಭವಾಯಿತು. ಹಂಡೆ ಒಲೆಯ ನಾಲ್ಕೂ ಬರ್ನರುಗಳ ಮೇಲೆ ಕೂತು, ಮೇಲಿನ ಹೊಗೆಗೂಡಿಗೆ ತಲೆ ತಾಗಿಸಿತು. ಹರ್ಬರ್ಟ್ ಸ್ಟೂಲ್ ಹತ್ತಿ, ಹೊಸ ಮಾಪಿನ ಕೋಲಿಗೆ ಕಟ್ಟಿದ ಸೌಟಿನಿಂದ ತಿರುವಿದ. ಬಾಯಲ್ಲಿ ಥರ್ಮಾಮೀಟರು.

"ಅರವತ್ತೇಳು ಡಿಗ್ರಿ! ಒಂದು ಗಂಟೆ ಅಲ್ಲೇ ನಿಲ್ಲಬೇಕು. ಆಗ ಧಾನ್ಯದೊಳಗಿನ ಗಂಜಿಯೆಲ್ಲ ತನ್ನಿಂದ ತಾನೇ ಸಕ್ಕರೆಯಾಗ್ತದೆ. ಆ ಸಕ್ಕರೆಯನ್ನೇ ಯೀಸ್ಟ್ ತಿನ್ನುವುದು. ನಿಸರ್ಗದ ಪವಾಡ ವೈಲೆಟ್!"

ನಿಸರ್ಗ ಆ ದಿನ ರಜೆಯಲ್ಲಿತ್ತು. ಬಾರ್ಲಿ ಉಬ್ಬಿತು, ಬಿರಿಯಿತು, ಅಂಟಾಯಿತು. ಮೂರು ಪದರದ ತಳ ತನ್ನ ಕೆಲಸ ಮಾಡಿತು, ಏನನ್ನೂ ಹಿಡಿಯಲಿಲ್ಲ. ನಲ್ಲಿ ತನ್ನ ಕೆಲಸ ಮಾಡಲಿಲ್ಲ, ಏನನ್ನೂ ಬಿಡಲಿಲ್ಲ. ಹರ್ಬರ್ಟ್ ನೆಲದ ಮೇಲೆ ಮಲಗಿ, ನಲ್ಲಿಗೆ ಕೊಳವೆ ಸಿಕ್ಕಿಸಿ ಊದಿದ. ಒಳಗೆ ಎಲ್ಲೋ ಒಂದು ಗುಳ್ಳೆ ಒಡೆದ ಸದ್ದಾಯಿತು. ಮರುಗಳಿಗೆ ಹಂಡೆ ಅವನಿಗೆ ವಾಪಸು ಊದಿತು. ಹುಬ್ಬಿನಿಂದ ಎದೆಯವರೆಗೆ ಬಾರ್ಲಿ ಮೆತ್ತಿಕೊಂಡ ಗಂಡನನ್ನು ನೋಡಿ ವೈಲೆಟ್ ಹಳೆಯ ಬೈರಾಸಿನ ಬಟ್ಟೆ ತಂದು, ಬಕೆಟಿನ ಬಾಯಿಗೆ ಕಟ್ಟಿ, ಸೌಟಿನಿಂದ ಎತ್ತಿ ಎತ್ತಿ ಸೋಸಿಕೊಟ್ಟಳು. ಸೋಸಿದ್ದನ್ನು ಮತ್ತೆ ಹಂಡೆಗೆ ಹಾಕಿ ಕುದಿಸುವುದು. ಕಹಿಗೆ ಹಾಪ್ಸ್ ಎಂಬ ಹೂವು ಬೇಕಂತೆ. ಅದು ಸಿಗುವುದಿಲ್ಲವಾದ್ದರಿಂದ ಹರ್ಬರ್ಟ್ ಅವಳ ಅಮ್ಮ ಜ್ವರಕ್ಕೆಂದು ಊರಿನಿಂದ ಕಳಿಸಿದ್ದ ಕಿರಾತಕಡ್ಡಿಯ ಎರಡು ಕಟ್ಟಿನಲ್ಲಿ ಒಂದನ್ನು ಪೂರ್ತಿ ಹಾಕಿದ.

ಬೆಳಿಗ್ಗೆ ವೈಲೆಟಳ ಬೆರಳಿಗೆ ಮಾಂಜಿಯ ಮುಳ್ಳು ಚುಚ್ಚಿತ್ತು. ಅದಕ್ಕೆ ಈಗ ಟಿಂಚರ್ ಅಯೋಡಿನ್ ಹಚ್ಚುವಾಗ ಒಂದು ಹನಿ ಜಾರಿ, ಪಕ್ಕದಲ್ಲಿದ್ದ ಸೌಟಿಗೆ ಬಿತ್ತು. ಸೌಟಿನಲ್ಲಿದ್ದದ್ದು ತಟ್ಟನೆ ಶಾಯಿಯ ಹಾಗೆ ಕಡುನೀಲಿಯಾಯಿತು.

ವೈಲೆಟ್ ಸಾಲ್ಮಿಯಾದ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಶಿಯನ್. ನೀಲಿಯಾದರೆ ಗಂಜಿ, ಆಗದಿದ್ದರೆ ಅಲ್ಲ; ಇದನ್ನು ಅವಳು ಹೈಸ್ಕೂಲಿನಲ್ಲೇ ಕಲಿತಿದ್ದಳು. ಅಂದರೆ ಒಂದು ಚೂರೂ ಸಕ್ಕರೆಯಾಗಿಲ್ಲ. ಕಾರಣವೂ ಹೊಳೆಯಿತು. ಗಂಜಿಯನ್ನು ಸಕ್ಕರೆ ಮಾಡುವ ಸತ್ವ ಹುಟ್ಟುವುದು ಕಾಳು ಮೊಳಕೆಯೊಡೆದಾಗ. ರೋಕ್‌ನ ದೇಶದಲ್ಲಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಚೀಲದಲ್ಲೇ ಸಿಗುತ್ತದೆ. ಇವನು ತಂದದ್ದು ಸಿಪ್ಪೆ ಸುಲಿದು, ಮೊಳೆಯುವ ಮೂತಿಯನ್ನೂ ಉಜ್ಜಿ ಹಾಕಿದ ಬಿಳಿ ಬಾರ್ಲಿ. ಅದನ್ನು ಅರವತ್ತೇಳರಲ್ಲಲ್ಲ, ಅದರಪ್ಪನ ಡಿಗ್ರಿಯಲ್ಲಿ ಇಟ್ಟರೂ ಬಿಯರ್ ಆಗದು. ಹಂಡೆಯಲ್ಲಿ ಕುದಿಯುತ್ತಿದ್ದದ್ದು ಅವಳು ಆಚುಮ್ಮನಿಗೆ ಹೇಳಿದ ಬಾರ್ಲಿ ನೀರೇ. ತಾನು ಹೇಳಿದ ಸುಳ್ಳು ಹೀಗೆ ಬೆನ್ನ ಹಿಂದೆಯೇ ನಿಜವಾಗಿ ನಿಂತದ್ದು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

ಹೇಳೋಣವೆಂದು ತಿರುಗಿದರೆ ಹರ್ಬರ್ಟ್ ಫೋನಿನಲ್ಲಿದ್ದ. "ರೋಕ್, ಬಣ್ಣ ನೋಡು ಬಣ್ಣ! ಚಿನ್ನ ಮಾರಾಯ!" ಅಷ್ಟರಲ್ಲಿ ಬೆಲ್ ಹೊಡೆಯಿತು. ನಾಳೆ ಹೇಳಿದರಾಯಿತು ಎಂದುಕೊಂಡು ಸೌಟು ತೊಳೆದಿಟ್ಟಳು.

ಬಾಗಿಲಲ್ಲಿ ಕಿತ್ತಳೆ ಹಣ್ಣಿನ ಪೆಟ್ಟಿಗೆ ಹೊತ್ತ ಪುತ್ತಬ್ಬ, ಹಿಂದೆ ಆಚುಮ್ಮ, ಅವರ ಹಿಂದೆ ಜಪಮಾಲೆ ಹಿಡಿದ ಡ್ಯಾನಿಯಲ್. ಈ ಡ್ಯಾನಿಯಲ್ ಪ್ರಾರ್ಥನಾ ಕೂಟದ ಮುಖ್ಯಸ್ಥ. ವಾರದ ಉಳಿದ ದಿನ ಹರ್ಬರ್ಟನ ಕಂಪೆನಿಯಲ್ಲೇ ನೌಕರರ ಕಡತ ನೋಡುವ ಗುಮಾಸ್ತ. ಯಾರಿಗೆ ಯಾವ ಕಾಯಿಲೆ ಎಂಬುದು ಅವನಿಗೆ ದೇವರಿಗಿಂತ ಒಂದು ದಿನ ಮೊದಲೇ ಗೊತ್ತಾಗುತ್ತಿತ್ತು.

"ಬೆವರು ನೋಡಿ! ಮುಖ ನೋಡಿ!" ಎಂದು ಪುತ್ತಬ್ಬ ಹಬೆಯಲ್ಲಿ ಬೆಂದು ಹೊರಬಂದ ಹರ್ಬರ್ಟನನ್ನು ಸೋಫಾದ ಮೇಲೆ ಮಲಗಿಸಿದರು. "ನಿಲ್ಬೇಡಿ ಪೊರ್ಬುಗಳೇ. ನಿಂತ್ರೆ ಕಲ್ಲು ಕೆಳಗೆ ಬರ್ತದೆ."

"ಕೆಳಗೆ ಬಂದ್ರೆ ಒಳ್ಳೇದಲ್ವಾ?" ಎಂದಳು ಆಚುಮ್ಮ.

"ಅಷ್ಟು ದೊಡ್ಡದು ಬರ್ಲಿಕ್ಕೆ ದಾರಿ ಬೇಡ್ವಾ?"

ಡ್ಯಾನಿಯಲ್ ಅವನ ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. "ಓ ಕರ್ತನೇ, ಬಂಡೆಯಿಂದ ನೀರು ಹೊರಡಿಸಿದವನೇ, ಈ ಬಂಡೆಯನ್ನೂ ನೋಡು." ಮೆಲಿಶಾ ಒಳಗಿನ ಕೋಣೆಯ ಬಾಗಿಲು ಮುಚ್ಚಿಕೊಂಡು ದಿಂಬಿಗೆ ಮುಖ ಒತ್ತಿ ನಕ್ಕದ್ದು ಎಲ್ಲರಿಗೂ ಅಳುವಿನ ಹಾಗೆ ಕೇಳಿಸಿತು.

"ಪಾಪ, ಮಗು," ಎಂದ ಡ್ಯಾನಿಯಲ್.

ರೋಗಿ ಎಲ್ಲರೆದುರು ಮದ್ದು ಕುಡಿಯಲೇಬೇಕಾಯಿತು. ವೈಲೆಟ್ ದೊಡ್ಡ ಲೋಟದಲ್ಲಿ ತಂದುಕೊಟ್ಟಳು. ಕಿರಾತಕಡ್ಡಿಯ ಕಹಿ ನೆತ್ತಿಗೇರಿ ಹರ್ಬರ್ಟನ ಕಣ್ಣಲ್ಲಿ ನೀರು ಬಂತು. ಪುತ್ತಬ್ಬ ತಾವೂ ಒಂದು ಗುಟುಕು ಕುಡಿದು, ನಾಲಿಗೆ ಚಪ್ಪರಿಸಿ, ತೀರ್ಪು ಕೊಟ್ಟರು.

"ಇಷ್ಟು ಕಹಿ ಉಂಟಂದ್ರೆ ಇದು ಮದ್ದೇ. ಬಾಯೀ, ನನಗೂ ಒಂದು ಕಲ್ಲುಂಟು, ಎರಡು ವರ್ಷದಿಂದ ಕೂತಿದೆ. ಸ್ವಲ್ಪ ಕೊಡಿ."

"ಸ್ವಲ್ಪ" ಎಂದವರು ಅಂಗಡಿಯಿಂದ ದೊಡ್ಡ ನೀರಿನ ಕ್ಯಾನ್ ತರಿಸಿದರು. ಆಚುಮ್ಮ ಫ್ಲಾಸ್ಕ್ ತಂದಳು. ಕಲ್ಲು ಇದ್ದವರು, ಇದ್ದೀತೆಂದು ಸಂಶಯ ಇದ್ದವರು, ಬರಬಾರದೆಂದು ಮುಂಜಾಗ್ರತೆ ಇದ್ದವರು, ಎಲ್ಲ ಮಹಡಿಗಳಿಂದಲೂ ಬಾಟಲಿ ಹಿಡಿದು ಬಂದರು. ಈಗ ನಲ್ಲಿ ಚೆನ್ನಾಗಿ ಬರುತ್ತಿತ್ತು. ಸೋಫಾದ ಮೇಲೆ ಮಲಗಿದ್ದ ಹರ್ಬರ್ಟ್ ತನ್ನ ಚಿನ್ನ ಬಾಗಿಲು ದಾಟುವುದನ್ನು ನೋಡುತ್ತ ನಿಜವಾಗಿ ನರಳಿದ.

"ನೋವು ಬಂತು, ನೋಡಿ," ಎಂದರು ಪುತ್ತಬ್ಬ. "ಹಂಚಿದ್ರೆ ಬರ್ಕತ್ ಪೊರ್ಬುಗಳೇ, ಹೆದರ್ಬೇಡಿ."

ಡ್ಯಾನಿಯಲ್‌ನ ಕರುಣೆ ಅಷ್ಟಕ್ಕೇ ನಿಲ್ಲುವಂಥದ್ದಲ್ಲ. ಭಾನುವಾರ ಕಚೇರಿ ತೆರೆದ ಕೂಡಲೇ ಅವನು ಮುದೀರ್ ಬಳಿ, ಅಂದರೆ ಮ್ಯಾನೇಜರ್ ಬಳಿ ಹೋಗಿ, ಹರ್ಬರ್ಟನಿಗೆ ಹಗುರ ಕೆಲಸ ಕೊಡಿರೆಂದು ಕಣ್ಣೀರಿಟ್ಟು ಕೇಳಿಕೊಂಡ. ಮುದೀರ್ ವಯಸ್ಸಾದ ಕುವೈತಿ. ಅವರು ಹರ್ಬರ್ಟನನ್ನು ಕರೆಸಿದರು.

"ಹರ್ಬಾತ್. ದಾನಿಯಾಲ್ ಸೇ, ಯುವರ್ ಕಿಡ್ನಿ ಖರಾಬ್. ಟೂ ಕಿಡ್ನಿ."

"ನೋ ಸರ್! ನೋ ಪ್ರಾಬ್ಲೆಮ್! ಮಾಫಿ ಮುಶ್ಕಿಲ್! ಐ ಆಮ್ ಸ್ಟ್ರಾಂಗ್!"

"ಮಾಫಿ ಮುಶ್ಕಿಲ್? ದೆನ್ ವೈ ಬಿಗ್ ಪಾಟ್?"

ಹಂಡೆಯ ಕೀರ್ತಿ ಅಹ್ಮದಿಗೆ ತಲುಪಿತ್ತು. ಹರ್ಬರ್ಟ್ ಮತ್ತೆ ಪಕ್ಕೆ ಹಿಡಿದುಕೊಂಡ. ಮುದೀರ್ ಮೇಜಿನ ಮೇಲಿದ್ದ ಅವನ ಕಾಂಟ್ರಾಕ್ಟಿನ ಕಡತವನ್ನು ಮೆಲ್ಲನೆ ಮುಚ್ಚಿ ಬದಿಗೆ ಸರಿಸಿದರು. "ಯೂ ರೆಸ್ಟ್. ಗೋ ಹೋಮ್, ಸೀ ಫ್ಯಾಮಿಲಿ. ಲೇಟರ್, ಇನ್‌ಶಾ ಅಲ್ಲಾಹ್."

ಗಲ್ಫಿನಲ್ಲಿ ಇಪ್ಪತ್ತು ವರ್ಷ ಇದ್ದವನಿಗೆ ಆ 'ಇನ್‌ಶಾ ಅಲ್ಲಾಹ್' ಎಷ್ಟು ಉದ್ದದ್ದೆಂದು ಯಾರೂ ಹೇಳಬೇಕಾಗಿರಲಿಲ್ಲ. ಸಂಜೆ ಅವನು ಅಡುಗೆಮನೆಯಲ್ಲಿ ಹಂಡೆಯ ಪಕ್ಕ ಕುಕ್ಕರಿಸಿದ.

"ಕಲ್ಲು ಉಂಟು ಅಂದ್ರೆ ಕೆಲಸ ಹೋಗ್ತದೆ. ಇಲ್ಲ ಅಂದ್ರೆ ಹಂಡೆ ಯಾಕೆ ಅಂತ ಕೇಳ್ತಾರೆ, ದೇಶವೇ ಹೋಗ್ತದೆ. ನಿನಗೆ ಬೇರೆ ಎಂತದೂ ಬಾಯಿಗೆ ಬರ್ಲಿಲ್ವಾ ವೈಲೆಟ್? ಬಟ್ಟೆ ಬೇಯಿಸ್ಲಿಕ್ಕೆ ಅಂತ ಹೇಳ್ಬಾರ್ದಿತ್ತಾ?"

"ಬಾರ್ಲಿ ಹಾಕಿಯಾ?"

ವೈಲೆಟ್ ಒಳಗಿನ ಕೋಣೆಯ ಕಡೆ ನೋಡಿದಳು. ಮೆಲಿಶಾ ಅಕೌಂಟೆನ್ಸಿಯ ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ವರ್ಷದ ಮಧ್ಯೆ ಶಾಲೆ ಬಿಡಿಸಿ ಮಂಗಳೂರಿನಲ್ಲಿ ಸೀಟಿಗಾಗಿ ಯಾರ ಯಾರ ಬಾಗಿಲು ತಟ್ಟಬೇಕೋ.

"ನಾಳೆ ಕ್ಲಿನಿಕ್ಕಿಗೆ ಬಾ. ಸ್ಕ್ಯಾನ್ ಮಾಡಿಸುವ. ಕಲ್ಲು ಇಲ್ಲ ಅಂತ ಬರ್ತದೆ. ಬಾರ್ಲಿ ನೀರು ಕುಡಿದು ಕರಗಿತು ಅಂತ ಹೇಳು. ಕಾಯಿಲೆಯೂ ಇಲ್ಲ, ಹಂಡೆಗೂ ಕಾರಣ ಉಂಟು."

ಹರ್ಬರ್ಟ್ ಅವಳನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಚಹಾ ಆರುವ ಮೊದಲೇ ಒಪ್ಪಿದ್ದು ಸರಿಯಾಯಿತು ಎಂದು ಅವನಿಗೆ ಅನಿಸಿ ಹೋಯಿತು.

ಸ್ಕ್ಯಾನಿನಲ್ಲಿ ಹರ್ಬರ್ಟನ ಮೂತ್ರಪಿಂಡಗಳು ಹಸುಗೂಸಿನವುಗಳಂತೆ ಹೊಳೆದವು. ಆ ವರದಿ ಕೈಗೆ ಬಂದದ್ದೇ ಖೈತಾನಿನಲ್ಲಿ ಹೊಸ ಜಗಳ ಶುರುವಾಯಿತು. ಎರಡು ಪಕ್ಕೆಯ ಬಂಡೆ ಮೂರೇ ದಿನದಲ್ಲಿ ಮಾಯವಾದದ್ದು ಪ್ರಾರ್ಥನೆಯಿಂದ ಎಂದು ಡ್ಯಾನಿಯಲ್ ಸಾಕ್ಷಿ ನುಡಿದ. ಬಾರ್ಲಿಯಿಂದ ಎಂದು ಆಚುಮ್ಮ ಹೇಳಿದಳು. ಹಾಗೆ ನೋಡಿದರೆ ಪುತ್ತಬ್ಬರಿಗೆ ಯಾರೂ ಪ್ರಾರ್ಥನೆ ಮಾಡಿರಲಿಲ್ಲ. ಆದರೂ ಅವರ ಎರಡು ವರ್ಷದ ಕಲ್ಲು ಬುಧವಾರ ಬೆಳಿಗ್ಗೆ ಹೊರಬಿದ್ದಿತ್ತು. ಅದನ್ನು ಅವರು ಬೆಂಕಿಪೆಟ್ಟಿಗೆಯಲ್ಲಿಟ್ಟು, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಗಿರಾಕಿಗಳಿಗೆ ತೋರಿಸುತ್ತಿದ್ದರು.

"ನಾನು ಹೊಟ್ಟೆಯ ಮೇಲೆ ಕೈ ಇಟ್ಟಾಗ ನೀವೂ ಪಕ್ಕದಲ್ಲೇ ಇದ್ರಿ," ಎಂದ ಡ್ಯಾನಿಯಲ್. "ನಿಮಗೂ ಸ್ವಲ್ಪ ತಾಗಿರ್ಬಹುದು."

"ಹಾಗಾದ್ರೆ ಕುಬ್ಬೂಸಿಗೂ ತಾಗ್ಬೇಕಿತ್ತು. ನಿನ್ನೆಯದ್ದು ಇನ್ನೂ ಗಟ್ಟಿಯೇ ಉಂಟು!" ಎಂದರು ಪುತ್ತಬ್ಬ.

ಈ ಗಲಾಟೆಯ ಮರೆಯಲ್ಲಿ ಹರ್ಬರ್ಟ್ ಧೈರ್ಯ ತಂದುಕೊಂಡು ಎರಡನೆಯ ಸಲ ಹಂಡೆ ಏರಿಸಿದ್ದ. "ಮೊದಲನೆಯದ್ದು ಊರವರು ಕುಡಿದ್ರು. ಇದು ನನ್ನದು," ಎಂದು ಉಳಿದ ಕಿರಾತಕಡ್ಡಿಯನ್ನೂ ಹಾಕಿ ಕುದಿಸಿ, ಆರಿಸಿ, ದೊಡ್ಡ ಕ್ಯಾನಿಗೆ ತುಂಬಿ, ಯೀಸ್ಟ್ ಹಾಕಿ ಸ್ನಾನದ ತೊಟ್ಟಿಯಲ್ಲಿ ಇಟ್ಟ. ಹೇಳಬೇಕೆಂದು ವೈಲೆಟಳ ಬಾಯಿಗೆ ಮತ್ತೆ ಬಂದಿತ್ತು. ಆದರೆ ಮೊಳಕೆಯ ಮಾತು ಹೇಳಿದರೆ ಇವನು ನಾಳೆಯೇ ಮೊಳಕೆ ಬರಿಸುವವನು. ಕಾಂಟ್ರಾಕ್ಟಿಗೆ ಸಹಿಯಾಗಲಿ ಎಂದುಕೊಂಡಳು.

ಗುರುವಾರ ಸಂಜೆ ಬೆಲ್ ಹೊಡೆಯಿತು. ಬಾಗಿಲಲ್ಲಿ ಹಲ್ಲೆಲ್ಲ ತೋರಿಸುತ್ತ ಪುತ್ತಬ್ಬ, ಅವರ ಹಿಂದೆ ಬಿಳಿ ದಿಶ್‌ದಾಶ ನಿಲುವಂಗಿಯಲ್ಲಿ ಮುದೀರ್.

"ದೊಡ್ಡವರು ಅಂಗಡಿಗೆ ಬಂದು ನಿಮ್ಮ ಮನೆ ಕೇಳಿದ್ರು ಪೊರ್ಬುಗಳೇ! ಇವರಿಗೂ ಕಲ್ಲಂತೆ! ನಾನು ನನ್ನದನ್ನು ತೋರಿಸಿದೆ."

ಹರ್ಬರ್ಟನ ಮುಖ ಮುದೀರ್ ಬಟ್ಟೆಗಿಂತ ಬೆಳ್ಳಗಾಯಿತು. ಮುದೀರ್ ಸೋಫಾದಲ್ಲಿ ಕುಳಿತು ಅವನ ಆರೋಗ್ಯ ವಿಚಾರಿಸಿ, ಮೆಲಿಶಾಳ ಓದು ವಿಚಾರಿಸಿ, ಆಮೇಲೆ ಗಂಟಲು ಸರಿಮಾಡಿಕೊಂಡರು.

"ಹರ್ಬಾತ್. ವೇರ್ ಈಸ್ ದ ವಾಟರ್?"

"ಫಿನಿಶ್ ಸರ್! ಆಲ್ ಫಿನಿಶ್! ಖಲಾಸ್!"

"ಎಂತ ಖಲಾಸ್? ಉಂಟಲ್ಲ!" ಎಂದರು ಬಚ್ಚಲಿನಲ್ಲಿ ಕೈ ತೊಳೆದು ಬರುತ್ತಿದ್ದ ಪುತ್ತಬ್ಬ. "ಒಳಗೆ ತೊಟ್ಟಿಯಲ್ಲಿ ತಣ್ಣಗೆ ಇಟ್ಟಿದ್ದೀರಿ. ದೊಡ್ಡ ಕ್ಯಾನು! ಮರೆತುಬಿಟ್ರಾ?" ಎಂದವರು ಉಪಕಾರದ ಹುರುಪಿನಲ್ಲಿ ಅದನ್ನು ಅಪ್ಪಿಕೊಂಡೇ ತಂದು ನಡುಮನೆಯಲ್ಲಿ ಇಟ್ಟರು.

ಹರ್ಬರ್ಟ್ ಹೆಂಡತಿಯ ಕಿವಿಯಲ್ಲಿ ಉಸುರಿದ. "ಮುಗೀತು ವೈಲೆಟ್. ಕುವೈತಿಗೆ ಕುವೈತಿನಲ್ಲೇ ಬಿಯರ್ ಕುಡಿಸಿದವ ಅಂತ ನನ್ನ ಹೆಸರು ಪೇಪರಲ್ಲಿ ಬರ್ತದೆ. ಮಗುವಿನ ಪಾಸ್‌ಪೋರ್ಟ್ ಎಲ್ಲುಂಟು?"

ಪುತ್ತಬ್ಬ ಲೋಟ ತುಂಬಿಸಿದರು. ಹರ್ಬರ್ಟ್ ಅದನ್ನು ಬೀಳಿಸಲೆಂದು ಧಾವಿಸಿ, ಕಾರ್ಪೆಟಿಗೆ ಎಡವಿ, ಮುದೀರ್ ಕಾಲಬುಡದಲ್ಲಿ ಮಂಡಿಯೂರಿದ.

"ನೋ, ನೋ, ಹರ್ಬಾತ್," ಎಂದರು ಮುದೀರ್, ಅವನ ವಿನಯಕ್ಕೆ ಮುಜುಗರಪಟ್ಟು. "ಕಾಂಟ್ರಾಕ್ಟ್ ಐ ಸೀ. ಸ್ಟ್ಯಾಂಡ್ ಅಪ್."

ವೈಲೆಟ್ ಲೋಟವನ್ನು ತೆಗೆದುಕೊಂಡಳು. ಟ್ರೇಯಲ್ಲಿಟ್ಟಳು. ಸೆರಗಿಲ್ಲದ ಮನೆಯಂಗಿಯ ಮೇಲೆ ಶಾಲು ಸರಿಮಾಡಿಕೊಂಡು, ಎರಡೂ ಕೈಯಿಂದ ಮುದೀರ್ ಮುಂದೆ ಹಿಡಿದಳು. ಹರ್ಬರ್ಟ್ ನೆಲದಿಂದಲೇ ಅವಳನ್ನು ನೋಡಿದ. ಹೆಂಡತಿಗೆ ಹುಚ್ಚು ಹಿಡಿದದ್ದನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ಎಲ್ಲ ಗಂಡಂದಿರಿಗೂ ಸಿಗುವುದಿಲ್ಲ.

ಮುದೀರ್ ಮೂಸಿದರು. ಮತ್ತೊಮ್ಮೆ ಮೂಸಿದರು. ಹರ್ಬರ್ಟ್ ಕಣ್ಣು ಮುಚ್ಚಿಕೊಂಡ.

"ಶಯೀರ್, ಸರ್," ಎಂದಳು ವೈಲೆಟ್ ಶಾಂತವಾಗಿ. "ಬಾರ್ಲಿ. ಲಿಟಲ್ ಯೀಸ್ಟ್, ಲೈಕ್ ಬ್ರೆಡ್. ಫಾರ್ ಸ್ಟಮಕ್."

ಮುದೀರ್ ಮುಖ ಮೆಲ್ಲಗೆ ಸಡಿಲವಾಯಿತು. "ಮೈ ಮದರ್," ಎಂದರು. "ಅವರ್ ಓಲ್ಡ್ ಹೌಸ್. ಮಾರ್ನಿಂಗ್, ಬ್ರೆಡ್ ಮೇಕಿಂಗ್. ಸೇಮ್ ಸ್ಮೆಲ್." ಆಮೇಲೆ ಲೋಟವನ್ನು ಒಂದೇ ಉಸಿರಿಗೆ ಖಾಲಿ ಮಾಡಿ, ಕಹಿಗೆ ಗಡ್ಡ ನಡುಗಿಸಿ, ಇನ್ನೊಂದು ಲೋಟ ಕೇಳಿದರು.

ಹೊರಡುವಾಗ ಬಾಗಿಲಲ್ಲಿ ನಿಂತು ಹರ್ಬರ್ಟನ ಭುಜ ತಟ್ಟಿದರು. "ಯಲ್ಲಾ, ಹರ್ಬಾತ್. ಸಂಡೇ ಐ ಸೈನ್. ಟೂ ಇಯರ್. ಯೂ ಬ್ರಿಂಗ್ ವಾಟರ್, ಎವ್ರಿ ವೀಕ್."

ಅವರು ಇಳಿದುಹೋದ ಮೇಲೆ ಹರ್ಬರ್ಟ್ ಬಾಲ್ಕನಿಗೆ ಓಡಿದ. ಮುದೀರ್ ಕಾರು ಹೊರಟು, ಕಸದ ಡಬ್ಬಿಗಳನ್ನು ತಪ್ಪಿಸಿ, ತಿರುವಿನಲ್ಲಿ ಲೈಟು ಹಾಕಿ ಶಿಸ್ತಾಗಿ ತಿರುಗಿತು.

"ನೇರ ಹೋಗ್ತಿದ್ದಾನೆ," ಎಂದ ಹರ್ಬರ್ಟ್. ಧ್ವನಿಯಲ್ಲಿ ಮೊದಲು ನೆಮ್ಮದಿ ಇತ್ತು. ಆಮೇಲೆ ಅದು ನಿಧಾನವಾಗಿ ಅವಮಾನಕ್ಕೆ ತಿರುಗಿತು. "ಎರಡು ಲೋಟ ಕುಡಿದಿದ್ದಾನೆ ವೈಲೆಟ್! ಜೀವಮಾನದಲ್ಲಿ ಒಂದು ತೊಟ್ಟೂ ಮುಟ್ಟದವ! ನೇರ ಹೋಗ್ತಿದ್ದಾನೆ!"

ಅವನು ತಾನೇ ಒಂದು ಲೋಟ ಕುಡಿದ. ಕುಳಿತು ಕಾದ. ಇನ್ನೊಂದು ಕುಡಿದ. ಎದ್ದು, ಕಾರ್ಪೆಟಿನ ಗೆರೆಯ ಮೇಲೆ ಒಂದು ಕಾಲಿನ ಮುಂದೆ ಒಂದಿಟ್ಟು ನಡೆದು ನೋಡಿದ. ಒಂದು ದೊಡ್ಡ ತೇಗು ಬಂತು, ಬೇರೇನೂ ಬರಲಿಲ್ಲ.

"ಡ್ಯಾಡಿ ಈಸ್ ಓಕೆ?" ಎಂದು ಮೆಲಿಶಾ ಇಣುಕಿದಳು.

"ಅದೇ ತೊಂದರೆ," ಎಂದ ಹರ್ಬರ್ಟ್. ಅಡುಗೆಮನೆಗೆ ಹೋಗಿ, ಸೊಂಟಕ್ಕೆ ಕೈಕೊಟ್ಟು, ಹಂಡೆಯ ಎದುರು ನಿಂತ. ಅಪರಾಧಿ ಸಿಕ್ಕಿದ್ದ. "ಇದುವೇ. ಸ್ಟೀಲಿಗೆ ಬಿಸಿ ಸಮ ಹಂಚ್ಲಿಕ್ಕೆ ಬರುವುದಿಲ್ಲ. ನಾನು ಮೊದಲೇ ಹೇಳಿದ್ದೆ. ಹಿಂದಿನ ಕಾಲದವರು ದಡ್ಡರಾ? ಎಲ್ಲ ತಾಮ್ರದ್ದರಲ್ಲಿ ಮಾಡ್ತಿದ್ರು."

ವೈಲೆಟ್ ಲೋಟಗಳನ್ನು ತೊಳೆಯುತ್ತಿದ್ದಳು. ಸಹಿ ಇನ್ನು ಆದಂತೆಯೇ. ಹೇಳಬೇಕಾಗಿದ್ದದ್ದು ಒಂದೇ ಮಾತು. ಜುಮ್ಮಾ ಬಜಾರಿನ ಹಕ್ಕಿ ಅಂಗಡಿಗಳಲ್ಲಿ ಸಿಪ್ಪೆಯಿರುವ ಬಾರ್ಲಿ ಚೀಲಗಟ್ಟಲೆ ಸಿಗುತ್ತದೆ. ಹೆಸರುಕಾಳಿಗೆ ಮೊಳಕೆ ಬರಿಸಿದ ಯಾವ ಹೆಂಗಸಿಗೂ ಉಳಿದದ್ದು ಗೊತ್ತು: ಒದ್ದೆ ಬಟ್ಟೆ, ಕತ್ತಲೆ, ಸ್ವಲ್ಪ ತಾಳ್ಮೆ. ಅಷ್ಟು ಹೇಳಿಬಿಟ್ಟರೆ ಹರ್ಬರ್ಟ್ ನಿಜವಾದ ಬಿಯರ್ ಮಾಡಿಯಾನು; ಮಾಡುವಷ್ಟು ಹಟ ಅವನಲ್ಲಿತ್ತು. ಒಳಗಿನ ಕೋಣೆಯಲ್ಲಿ ಮೆಲಿಶಾ ಮತ್ತೆ ಗಟ್ಟಿಯಾಗಿ ಓದತೊಡಗಿದ್ದಳು. ಎರಡು ವರ್ಷ. ಆಮೇಲೆ ಮಂಗಳೂರಿಗೆ ಹೋದರೆ ಈ ವಿದ್ಯೆ ಅವನಿಗೆ ಬೇಕಾಗುವುದೇ ಇಲ್ಲ, ಬೀದಿಯ ಕೊನೆಯ ಬಾರಿನವರೆಗೆ ನಡೆದರೆ ಸಾಕು.

ಅವಳು ಕೊನೆಯ ಲೋಟವನ್ನು ಬೋರಲು ಹಾಕಿ, ಕೈ ಒರೆಸಿಕೊಂಡಳು.

"ತಾಮ್ರವಾದ್ರೆ ಒಳಗೆ ಕಲಾಯಿ ಹಾಕಿಸ್ಬೇಕಲ್ಲ ಹರ್ಬರ್ಟ್?" ಎಂದಳು. "ಈ ಊರಲ್ಲಿ ಕಲಾಯಿ ಹಾಕುವವರು ಎಲ್ಲಿದ್ದಾರೆ?"

ಹರ್ಬರ್ಟ್ ತಿರುಗಿದ. ಮುಖ ಅರಳಿತ್ತು. "ಹೌದಲ್ಲ ಮಾರಾಯ್ತಿ! ಅದನ್ನು ಯೋಚನೆಯೇ ಮಾಡ್ಲಿಲ್ಲ. ಸುಲಭವಿಲ್ಲ ಅದು. ತುಂಬ ಹುಡುಕ್ಬೇಕು," ಎನ್ನುತ್ತ ಫೋನ್ ತೆಗೆದುಕೊಂಡು ಕುರ್ಚಿಗೆ ಒರಗಿದ.

ಹುಡುಕಲಿ, ಎಂದುಕೊಂಡಳು ವೈಲೆಟ್. ತಾಮ್ರದ ನಂತರ ಹಿತ್ತಾಳೆಯ ಮಾತು ತೆಗೆದರಾಯಿತು, ಹಿತ್ತಾಳೆಯ ನಂತರ ಮಣ್ಣಿನದು. ಎರಡು ವರ್ಷಕ್ಕೆ ಸಾಕಾಗುವಷ್ಟು ಹಂಡೆಗಳು ಲೋಕದಲ್ಲಿ ಇದ್ದೇ ಇರುತ್ತವೆ. ಬಾರ್ಲಿಯ ವಿಷಯ ಮಾತ್ರ ಅವಳು ಯಾರಿಗೂ ಹೇಳುವುದಿಲ್ಲ.